ಸತ್ಯವೇದದ ಒಂದು ಪತ್ರಕ್ಕೆ ಐದು ವಾರ

ಹೊಸ ವರ್ಷದ ಆರಾಧನೆ ಮುಗಿಸಿ ಬರುವವರಲ್ಲಿ ಬಹಳ ಮಂದಿ ಎರಡು ಕಾಗದ ಮನೆಗೆ ತರುತ್ತಾರೆ. ಒಂದು ವಾಗ್ದಾನ ವಚನದ ಚೀಟಿ, ಇನ್ನೊಂದು ವರ್ಷದೊಳಗೆ ಸತ್ಯವೇದ ಓದಿ ಮುಗಿಸುವ ಪಟ್ಟಿ. ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಪಟ್ಟಿ ಕೆಲವು ವಾರ ಚೆನ್ನಾಗಿಯೇ ಓಡುತ್ತದೆ. 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ, ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಷ್ಟರಲ್ಲಿ ಜನವರಿ ಕೊನೆ. ಆಮೇಲೆ ಯಾಜಕಕಾಂಡ. ಗಾಡಿ ಹೂತುಕೊಳ್ಳುವುದು ಅಲ್ಲೇ.

ಚೀಟಿಯೂ ಬೇಡವೆಂದಲ್ಲ, ಪಟ್ಟಿಯೂ ಬೇಡವೆಂದಲ್ಲ. ಆದರೆ ಒಂದರಲ್ಲಿ ವಚನ ತನ್ನ ಪತ್ರದಿಂದ ಕಿತ್ತು ಬಂದಿರುತ್ತದೆ, ಇನ್ನೊಂದರಲ್ಲಿ ಓಟವೇ ಮುಖ್ಯವಾಗುತ್ತದೆ. ಆಳಕ್ಕೆ ಇಳಿಯಬೇಕೆಂದರೆ ಚಿಕ್ಕದೊಂದನ್ನು ಹಿಡಿದು, ಅದನ್ನೇ ಮತ್ತೆ ಮತ್ತೆ ಓದಬೇಕು. ಇಲ್ಲಿ ಹೇಳುವ ಕ್ರಮಕ್ಕೆ ಅಪೊಸ್ತಲ ಪೌಲ ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ ಪತ್ರವನ್ನು ಆರಿಸಿಕೊಂಡಿದ್ದೇವೆ. ಅದರಲ್ಲಿ 4 ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೂ ಇಪ್ಪತ್ತು ನಿಮಿಷದ ಆಚೀಚೆ ಮುಗಿಯುತ್ತದೆ. ಆ ಸಭೆ ಹುಟ್ಟಿದ ಕಥೆ ಅಪೊಸ್ತಲರ ಕೃತ್ಯಗಳು 16ರಲ್ಲಿ ಸಿದ್ಧವಾಗಿದೆ. ಕ್ಯಾಲೆಂಡರ್‌ಗಳ ಮೇಲೆ ಅತಿ ಹೆಚ್ಚು ಅಚ್ಚಾಗುವ ವಚನಗಳಲ್ಲಿ ಮೂರ್ನಾಲ್ಕು ಇದರಲ್ಲೇ ಇರುವುದರಿಂದ, ಕಿತ್ತು ಓದಿದರೆ ಏನಾಗುತ್ತದೆ ಎಂಬುದೂ ಇಲ್ಲೇ ಕಣ್ಣಿಗೆ ಕಾಣುತ್ತದೆ.

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ ಸಾಕು. ಏಳು ದಿನ ಎಂದು ಹರಕೆ ಹೊತ್ತರೆ ಎರಡು ದಿನ ತಪ್ಪಿದ ಕೂಡಲೇ ಅಪರಾಧಭಾವ ಬಂದು ಇಡೀ ಕೆಲಸವೇ ನಿಲ್ಲುತ್ತದೆ.

ಮೇಜಿನ ಮೇಲೆ ಏನಿರಬೇಕು

ಎರಡು ಅನುವಾದ ಬೇಕು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಾಗಿ ಓದುವುದು ಬೈಬಲ್ ಸೊಸೈಟಿ ಆಫ್ ಇಂಡಿಯಾದ ಹಳೆಯ ಅನುವಾದ. ಆ್ಯಪ್‌ಗಳಲ್ಲಿ ಇದಕ್ಕೆ ಜೆ.ವಿ. ಎಂದಿರುತ್ತದೆ. ಜೊತೆಗೆ ಅದೇ ಸಂಸ್ಥೆಯ ಸಿ.ಎಲ್. ಅನುವಾದವನ್ನೋ ಸರಳಗನ್ನಡದ ಇನ್ನಾವುದಾದರೂ ಅನುವಾದವನ್ನೋ ಇಟ್ಟುಕೊಳ್ಳಿ. ಕಥೋಲಿಕ ಮನೆಗಳಲ್ಲಿ ಸಿ.ಎಲ್. ಮೊದಲೇ ಇರುತ್ತದೆ. ಅಂಥವರು ಜೆ.ವಿ.ಯನ್ನು ಜೊತೆಗಿಟ್ಟುಕೊಳ್ಳಲಿ. ಕಥೋಲಿಕರ ಪಟ್ಟಿಯಲ್ಲಿ 73 ಪುಸ್ತಕಗಳಿದ್ದರೂ ಈ ಪತ್ರದ ಮಟ್ಟಿಗೆ ಅದರಿಂದ ವ್ಯತ್ಯಾಸವಿಲ್ಲ.

ಎರಡನೆಯದು, ಪತ್ರದ ಒಂದು ಪ್ರಿಂಟ್. ಆ್ಯಪ್‌ನಿಂದ ನಾಲ್ಕು ಅಧ್ಯಾಯಗಳನ್ನೂ ನಕಲು ಮಾಡಿ, ಉಪಶೀರ್ಷಿಕೆಗಳನ್ನು ಅಳಿಸಿ, ವಚನಸಂಖ್ಯೆಗಳನ್ನು ಚಿಕ್ಕದಾಗಿಸಿ, ಅಕ್ಷರ 14 ಪಾಯಿಂಟ್ ಇಟ್ಟು, ಬಲಗಡೆ ಮೂರು ಬೆರಳಿನಷ್ಟು ಅಂಚು ಬಿಟ್ಟು ಕಾಗದದ ಒಂದೇ ಬದಿಗೆ ಮುದ್ರಿಸಿ. ಉಪಶೀರ್ಷಿಕೆ ಅಳಿಸುವುದೇಕೆಂದರೆ ಅದನ್ನು ಬರೆದವನು ಪೌಲನಲ್ಲ, ಪ್ರಕಾಶಕರು. ಅಧ್ಯಾಯದ ಗೆರೆಗಳೂ ಅವನವಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು, ಹೊಸ ಒಡಂಬಡಿಕೆಯ ವಚನಸಂಖ್ಯೆಗಳು 1551ರಲ್ಲಿ ಫ್ರಾನ್ಸಿನ ಮುದ್ರಕ ರಾಬೆರ್ ಎಸ್ತಿಯೆನ್ ಹಾಕಿದ್ದು. ಬಹಳ ಕಡೆ ಅವು ಸರಿಯಾಗಿಯೇ ಬಿದ್ದಿವೆ. ಕೆಲವು ಕಡೆ ಮಾತಿನ ಮಧ್ಯಕ್ಕೆ ಬಿದ್ದಿವೆ. ಈ ಪತ್ರದ 4:1ನ್ನು, ಅಂದರೆ 4ನೇ ಅಧ್ಯಾಯದ 1ನೇ ವಚನವನ್ನು, 3:21ಕ್ಕೆ ಅಂಟಿಸಿ ಓದಿ ನೋಡಿ. "ಹೀಗಿರಲಾಗಿ" ಎಂಬ ಧಾಟಿಯಲ್ಲಿ ಶುರುವಾಗುವ ಮಾತು ಹಿಂದಿನದರ ಬಾಲವೆಂದು ತಿಳಿಯುತ್ತದೆ.

ಇನ್ನುಳಿದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು. ಎಡಪುಟದಲ್ಲಿ ಮಾತ್ರ ಬರೆಯಿರಿ, ಬಲಪುಟ ಖಾಲಿ ಇರಲಿ. ಅದರ ಕೆಲಸ ಕೊನೆಗೆ ಬರುತ್ತದೆ. ಪ್ರಾರ್ಥನೆಯಿಲ್ಲದೆ ಕೂರಬೇಡಿ ಎಂದು ಈ ಓದುಗರಿಗೆ ಹೇಳಬೇಕಾಗಿಲ್ಲ. ಕೀರ್ತನೆ 119ರ 18ನೇ ವಚನ ಒಂದನ್ನೇ ಹೇಳಿ ಶುರುಮಾಡಿದರೂ ಸಾಕು.

ಮೊದಲ ವಾರ: ಬರೀ ಓದು

ನಾಲ್ಕೂ ದಿನ ಇಡೀ ಪತ್ರವನ್ನು ಒಂದೇ ಕೂರಿಕೆಯಲ್ಲಿ ಓದಿ. ಒಂದು ದಿನ ಗಟ್ಟಿಯಾಗಿ, ಒಂದು ದಿನ ಆ್ಯಪ್‌ನ ಆಡಿಯೊ ಹಾಕಿ ಕಣ್ಣುಮುಚ್ಚಿ, ಒಂದು ದಿನ ಎರಡನೇ ಅನುವಾದದಲ್ಲಿ. ಮೊದಲ ಸಭೆಗಳಿಗೆ ಈ ಪತ್ರಗಳು ಕಿವಿಯ ಮೂಲಕವೇ ತಲುಪಿದ್ದು. ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು.

ಈ ವಾರ ಅರ್ಥ ಬರೆಯಬೇಡಿ, ಪ್ರಶ್ನೆ ಮಾತ್ರ ಬರೆಯಿರಿ. "ಎಪಫ್ರೊದೀತ ಯಾರು? ಯಾಕೆ ಕಾಯಿಲೆ ಬಿದ್ದ?", "3:2ರಲ್ಲಿ ಇದ್ದಕ್ಕಿದ್ದಂತೆ ಯಾಕಿಷ್ಟು ಕೋಪ?", "ಹಣ ಬಂದದ್ದಕ್ಕೆ ವಂದನೆ ಹೇಳಲು ಕೊನೆಯವರೆಗೆ ಯಾಕೆ ಕಾದ?" ಇಂಥವು ಹದಿನೈದಾದರೂ ಇರಲಿ. ಎಲ್ಲ ಅರ್ಥವಾಯಿತು, ಒಂದೂ ಪ್ರಶ್ನೆಯಿಲ್ಲ ಎನ್ನುವವರು ಪತ್ರವನ್ನು ಓದುತ್ತಿಲ್ಲ, ಮೊದಲೇ ಕೇಳಿದ ಪ್ರಸಂಗಗಳನ್ನು ನೆನಪಿಸಿಕೊಳ್ಳುತ್ತಿದ್ದಾರೆ.

ಎರಡನೇ ವಾರ: ಗೆರೆ ಎಳೆಯುವುದು

ಈಗ ಪ್ರಿಂಟ್ ಮತ್ತು ಪೆನ್ನು. ನೀಲಿಯಲ್ಲಿ ಮರುಕಳಿಸುವ ಪದಗಳು, ಕೆಂಪಿನಲ್ಲಿ ಆಜ್ಞೆಗಳು, ಹಸಿರಿನಲ್ಲಿ ಕೊಂಡಿ ಪದಗಳು. ಆದದರಿಂದ, ಆದರೆ, ಯಾಕಂದರೆ, ಹೀಗಿರಲಾಗಿ ಎನ್ನುವ ಪುಟ್ಟ ಪದಗಳೇ ಈ ಕೊಂಡಿಗಳು. ವಾದ ತಿರುಗುವುದು ಇವುಗಳ ಮೇಲೆ. "ಆದದರಿಂದ" ಕಂಡಾಗಲೆಲ್ಲ ಯಾವುದರಿಂದ ಎಂದು ಕೇಳಿ, ಉತ್ತರ ಸಿಗುವವರೆಗೆ ಹಿಂದಕ್ಕೆ ಹೋಗಿ.

ನೀಲಿ ಗೆರೆಗಳಲ್ಲಿ ಎಲ್ಲರಿಗೂ ಮೊದಲು ಸಿಗುವುದು ಸಂತೋಷ. ಗ್ರೀಕ್ ಮೂಲದಲ್ಲಿ ಸಂತೋಷದ ನಾಮಪದ, ಕ್ರಿಯಾಪದ ಎಲ್ಲ ಸೇರಿ 16 ಸಲ ಬರುತ್ತದೆ. ಅದೂ ಬೇಡಿ ಹಾಕಿಸಿಕೊಂಡು ಕೂತವನ ಪತ್ರದಲ್ಲಿ. ಇದನ್ನು ಬಹಳ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅದಕ್ಕಿಂತ ಹೆಚ್ಚು ಹೇಳುವ ಇನ್ನೊಂದು ಪದವಿದೆ: ಮನಸ್ಸು.

2:2ಕ್ಕೆ ಗೆರೆ ಎಳೆಯಿರಿ: ಒಂದೇ ಮನಸ್ಸುಳ್ಳವರಾಗಿರಿ ಎಂಬ ಬೇಡಿಕೆ. 2:5ಕ್ಕೆ ಎಳೆಯಿರಿ: "ಕ್ರಿಸ್ತ ಯೇಸುವಿನಲ್ಲಿದ್ದಂಥ ಮನಸ್ಸು ನಿಮ್ಮಲ್ಲಿಯೂ ಇರಲಿ." ಇಲ್ಲಿಂದ ಆ ಪ್ರಸಿದ್ಧ ಭಾಗ ಶುರು: ದೇವರ ಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ತಾಳಿ ಶಿಲುಬೆಯವರೆಗೆ ಇಳಿದದ್ದು. ಈಗ ಎರಡು ಹಾಳೆ ಮುಂದಕ್ಕೆ, 4:2. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರನ್ನು ಹೆಸರು ಹಿಡಿದು ಕರೆದು, ಕರ್ತನಲ್ಲಿ ಒಂದೇ ಮನಸ್ಸುಳ್ಳವರಾಗಿರಿ ಎನ್ನುತ್ತಾನೆ. ಮೂರು ಕಡೆಯೂ ಗ್ರೀಕಿನಲ್ಲಿ ಒಂದೇ ಕ್ರಿಯಾಪದ, "ಫ್ರೊನೆಓ". ಈ ಚಿಕ್ಕ ಪತ್ರದಲ್ಲಿ ಅದು 10 ಸಲ ಬಂದಿದೆ.

ಮೂರು ನೀಲಿ ಗೆರೆಗಳನ್ನು ಸೇರಿಸಿ ನೋಡಿ. ಕ್ರಿಸ್ತಶಾಸ್ತ್ರದ, ಅಂದರೆ ಕ್ರಿಸ್ತನು ಯಾರೆಂಬ ಬೋಧನೆಯ, ಶಿಖರ ಎಂದು ದೇವಶಾಸ್ತ್ರದ ಪಂಡಿತರು ಕೊಂಡಾಡುವ ಆ ಭಾಗವನ್ನು ಪೌಲ ಬರೆದದ್ದು ಪಾಠ ಮಾಡಲಿಕ್ಕೆ ಮಾತ್ರವಲ್ಲ. ಸುವಾರ್ತೆಗಾಗಿ ತನ್ನೊಂದಿಗೆ ದುಡಿದ ಇಬ್ಬರು ಮಾತು ಬಿಟ್ಟಿದ್ದಾರೆ, ಪತ್ರ ಓದುವಾಗ ಬಹುಶಃ ಇಬ್ಬರೂ ಅದೇ ಕೋಣೆಯಲ್ಲಿ ಕೂತಿದ್ದಾರೆ. ಅವರ ಹೆಸರು ಬರುವಷ್ಟರಲ್ಲಿ ಯೇಸು ಎಷ್ಟು ಕೆಳಗಿಳಿದ ಎಂಬುದನ್ನು ಇಡೀ ಸಭೆ ಕೇಳಿಯಾಗಿದೆ. ಯಾವ ವ್ಯಾಖ್ಯಾನದ ಸಹಾಯವೂ ಇಲ್ಲದೆ, ಒಂದು ನೀಲಿ ಪೆನ್ನಿನಿಂದ ಸಿಗುವ ಸಂಗತಿ ಇದು.

ಆ್ಯಪ್‌ನಲ್ಲಿ ಹುಡುಕಿದರೆ ಸಾಕಲ್ಲ ಎನ್ನಬಹುದು. ಕನ್ನಡದಲ್ಲಿ ಅದು ಕೈಕೊಡುತ್ತದೆ. "ಮನಸ್ಸು" ಎಂದು ಹುಡುಕಿದರೆ "ಮನಸ್ಸಿನಿಂದ", "ಮನಸ್ಸಿಡುತ್ತಾರೆ" ಸಿಗುವುದಿಲ್ಲ, ಕೊನೆಯ ಸ್ವರ ಬದಲಾಗಿರುತ್ತದೆ. "ಮನಸ್ಸ" ಎಂದು ಕೊನೆಯ ಉಕಾರ ಬಿಟ್ಟು ಹುಡುಕಿ. ಹಳೆಯ ಅನುವಾದದ ಕಾಗುಣಿತವೂ ಬೇರೆ: ಮಾಡುವುದು ಅಲ್ಲ, ಮಾಡುವದು, ತಿರುಗಿ ಅಲ್ಲ, ತಿರಿಗಿ. ಇಷ್ಟಾಗಿಯೂ ಗ್ರೀಕಿನ ಒಂದೇ ಪದ ಕನ್ನಡದಲ್ಲಿ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಖಚಿತವಾಗಿ ಬೇಕೆಂದರೆ ಬ್ಲೂ ಲೆಟರ್ ಬೈಬಲ್‌ನಂಥ ಉಚಿತ ಜಾಲತಾಣದಲ್ಲಿ ಇಂಗ್ಲಿಷ್ ವಚನ ತೆರೆದು, ಪದದ ಪಕ್ಕದ ಸ್ಟ್ರಾಂಗ್ ಸಂಖ್ಯೆ (ಮೂಲಭಾಷೆಯ ಪ್ರತಿ ಪದಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ) ಒತ್ತಿ. ಫ್ರೊನೆಓ ಪದದ ಸಂಖ್ಯೆ 5426. ಅದು ಬರುವ ವಚನಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಗ್ರೀಕ್ ಅಕ್ಷರ ಗೊತ್ತಿರಬೇಕಾಗಿಲ್ಲ.

ಹಾಗೆಂದು ಗ್ರೀಕ್ ಗೊತ್ತಾಯಿತೆಂದು ಹಾರಾಡಬಾರದು. 4:13ರ "ಬಲಪಡಿಸುವಾತ" ಎಂಬ ಪದದ ಬೇರು ದುನಮಿಸ್, ಅದರಿಂದಲೇ ಡೈನಮೈಟ್ ಬಂದದ್ದು, ಆದ್ದರಿಂದ ದೇವರ ಬಲ ಸಿಡಿಮದ್ದಿನಂಥದ್ದು ಎಂಬ ಪ್ರಸಂಗ ನೀವೂ ಕೇಳಿರಬಹುದು. ಡೈನಮೈಟ್‌ಗೆ ಆಲ್ಫ್ರೆಡ್ ನೊಬೆಲ್ ಆ ಹೆಸರಿಟ್ಟದ್ದು 1867ರಲ್ಲಿ. ಪೌಲನ ತಲೆಯಲ್ಲಿ ಅದಿರಲು ಸಾಧ್ಯವಿಲ್ಲ. ಪದದ ಅರ್ಥ ಅದು ಬಳಕೆಯಾದ ವಾಕ್ಯದಿಂದ ಬರುತ್ತದೆ, ಅದರ ಮೊಮ್ಮಕ್ಕಳಿಂದಲ್ಲ.

ಕನ್ನಡವೇ ಕೊಡುವ ಸಹಾಯ, ಕನ್ನಡವೇ ಒಡ್ಡುವ ಬಲೆ

ಇಂಗ್ಲಿಷ್ ಓದುಗರಿಗೆ ಇಲ್ಲದ ಒಂದು ಸೌಕರ್ಯ ನಮಗಿದೆ: ನೀನು, ನೀವು. ಹಳೆಯ ಅನುವಾದ ರಾಜನಿಗೂ ದೇವರಿಗೂ "ನೀನು" ಎಂದೇ ಹೇಳುವುದರಿಂದ, ಅದರಲ್ಲಿ "ನೀವು" ಕಂಡರೆ ಬಹುವಚನ ಎಂದು ನಂಬಬಹುದು. ಫಿಲಿಪ್ಪಿ 2:12ರಲ್ಲಿ ಭಯದಿಂದ ನಡುಗುತ್ತಾ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎನ್ನುವುದು ಒಬ್ಬೊಬ್ಬನಿಗೆ ಬಿಡಿಯಾಗಿ ಅಲ್ಲ, ಜಗಳವಾಡುತ್ತಿರುವ ಇಡೀ ಸಭೆಗೆ. ಲೂಕ 22:31-32 ಇನ್ನೂ ಸ್ಪಷ್ಟ. ಸೈತಾನನು "ನಿಮ್ಮನ್ನು" ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡನು, ಆದರೆ "ನಿನ್ನ" ನಂಬಿಕೆ ಕುಂದಬಾರದೆಂದು ಬೇಡಿಕೊಂಡೆನು ಎನ್ನುತ್ತಾನೆ ಯೇಸು. ಅಪಾಯ ಎಲ್ಲ ಶಿಷ್ಯರಿಗೆ, ಪ್ರಾರ್ಥನೆ ಪೇತ್ರನೊಬ್ಬನಿಗಾಗಿ. ಸಿ.ಎಲ್. ಅನುವಾದ ಗೌರವಕ್ಕೂ "ನೀವು" ಬಳಸುವುದರಿಂದ ಅದರಲ್ಲಿ ಈ ಗುರುತನ್ನು ಅಷ್ಟು ನೆಚ್ಚಬೇಡಿ.

ಬಲೆ ಯಾವುದೆಂದರೆ, ಗೊತ್ತಿದೆ ಎನಿಸುವ ಪದಗಳು. ಕನ್ನಡಕ್ಕೆ ಸತ್ಯವೇದದ ಅನುವಾದ ಶುರುವಾದದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಕೈಯಲ್ಲಿ. ಆಮೇಲೆ ಎಷ್ಟೋ ಪರಿಷ್ಕರಣೆಗಳಾದರೂ ಆರಾಧನೆಯ ಶಬ್ದಕೋಶ ಹಳೆಯದಾಗಿಯೇ ಉಳಿದಿದೆ, ಊರಿನ ಮಾತು ಮುಂದೆ ಹೋಗಿದೆ. "ನಿರೀಕ್ಷೆ" ಎಂದರೆ ಇಂದು ಕಾಯುವುದು, ಎದುರುನೋಡುವುದು. ಸತ್ಯವೇದದಲ್ಲಿ ಅದು ದೇವರ ಮಾತಿನ ಮೇಲೆ ನಿಂತ ಭರವಸೆ. "ನೀತಿ" ಎಂದರೆ ನಮಗೆ ನೀತಿಕಥೆಯ ನೀತಿ. 3:9ರಲ್ಲಿ ಅದು ದೇವರ ಮುಂದೆ ಸರಿಯೆನಿಸಿಕೊಂಡು ನಿಲ್ಲುವ ಸ್ಥಿತಿ. ಅದೇ ವಚನದ "ಧರ್ಮಶಾಸ್ತ್ರ" ಮೋಶೆಯ ಮೂಲಕ ಬಂದ ನಿಯಮಗಳು. "ಸಭೆ" ಎಂದರೆ ಕಟ್ಟಡವೂ ಅಲ್ಲ, ಮೀಟಿಂಗೂ ಅಲ್ಲ, ನಂಬಿದವರ ಬಳಗ. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟಗಳನ್ನು ಇಂಥ ಪದಗಳಿಗೆ ಮೀಸಲಿಡಿ: ಪದ, ಇಂದಿನ ಅರ್ಥ, ಪತ್ರದಲ್ಲಿನ ಅರ್ಥ ಎಂದು ಮೂರು ಕಾಲಂ. ಹಳೆಯ ಪದದ ಅರ್ಥವೇ ತಿಳಿಯದಿದ್ದಾಗ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟ್ಟೆಲ್ಲರ 1894ರ ಶಬ್ದಕೋಶ ನೋಡಿ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪದಗಳನ್ನು ಆ ಕಾಲದವರು ಹೇಗೆ ಬಳಸುತ್ತಿದ್ದರು ಎಂದು ಅದರಲ್ಲಿ ಗೊತ್ತಾಗುತ್ತದೆ.

ಮೂರನೇ ವಾರ: ಊರು ನೋಡಿ ಬರುವುದು

ಅಪೊಸ್ತಲರ ಕೃತ್ಯಗಳು 16:11-40ನ್ನು ಎರಡು ಸಲ ಓದಿ. ಧೂಮ್ರವರ್ಣದ ವಸ್ತ್ರ ಮಾರುವ ಲುದ್ಯ, ದೆವ್ವ ಹಿಡಿದ ದಾಸಿ, ಸೆರೆಮನೆಯ ಯಜಮಾನ: ಆ ಸಭೆಯ ಆರಂಭದ ಮುಖಗಳು ಇವು. ಸೇರಿದ್ದು ನದಿದಂಡೆಯಲ್ಲಿ, ಅದೂ ಹೆಂಗಸರು. ಹೀಗಿರುವಾಗ 4:2ರ ಇಬ್ಬರು ಹೆಂಗಸರ ಜಗಳ ಸಭೆಯ ಅಂಚಿನ ಸಂಗತಿಯಲ್ಲ ಎಂದು ಊಹಿಸಬಹುದು.

ಫಿಲಿಪ್ಪಿ ಉತ್ತರ ಗ್ರೀಸಿನಲ್ಲಿದೆ. ಈಗ ಉಳಿದಿರುವುದು ಅವಶೇಷ ಮಾತ್ರ. 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ರಿ.ಪೂ. 42ರಲ್ಲಿ ಅಲ್ಲಿ ನಡೆದ ಯುದ್ಧದ ನಂತರ ರೋಮಿನ ನಿವೃತ್ತ ಸೈನಿಕರಿಗೆ ಅಲ್ಲಿಯೇ ಜಮೀನು ಕೊಟ್ಟು ನೆಲೆಗೊಳಿಸಿದರು, ಊರು ರೋಮಿನ ಕಾಲೊನಿಯಾಯಿತು. ರೋಮಿನ ಪೌರತ್ವ ಅಲ್ಲಿನವರ ಹೆಮ್ಮೆ. ಪೌಲ, ಸೀಲರನ್ನು ವಿಚಾರಣೆಯಿಲ್ಲದೆ ಹೊಡೆದವರು ಅವರೂ ರೋಮಿನ ಪೌರರು ಎಂದು ತಿಳಿದು ಹೆದರಿದ್ದು ಅದಕ್ಕೇ. ಇಷ್ಟು ತಿಳಿದ ಮೇಲೆ 3:20 ಓದಿ: "ನಾವಾದರೋ ಪರಲೋಕಸಂಸ್ಥಾನದವರು." ಇದು ಸತ್ತ ಮೇಲೆ ಎಲ್ಲಿಗೆ ಹೋಗುತ್ತೇವೆ ಎಂಬ ಮಾತಿಗಿಂತ, ಈ ರೋಮಿನ ಊರಿನಲ್ಲಿ ನಿಂತು ನಾವು ಯಾರ ಪ್ರಜೆಗಳು ಎಂಬ ಮಾತು.

ಪತ್ರ ಬರೆದದ್ದು ಯಾವ ಸೆರೆಯಿಂದ? ರೋಮ್ ಎಂಬುದು ಹಳೆಯ ಅಭಿಪ್ರಾಯ, ಎಫೆಸ ಅಥವಾ ಕೈಸರೈಯ ಎನ್ನುವ ವಿದ್ವಾಂಸರೂ ಇದ್ದಾರೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿ. ಹಿನ್ನೆಲೆಯ ಹುಡುಕಾಟಕ್ಕೆ ಕೊನೆಯಿಲ್ಲ, ಯೂಟ್ಯೂಬ್ ಒಂದು ರಾತ್ರಿಯನ್ನೇ ನುಂಗುತ್ತದೆ. ಪತ್ರದ ಒಂದಾದರೂ ವಚನದ ಓದು ಬದಲಾಗದಿದ್ದರೆ ಆ ಹಿನ್ನೆಲೆ ಸದ್ಯಕ್ಕೆ ನಿಮಗೆ ಬೇಡ.

ಅಂಚಿನಲ್ಲಿ ಸಂಬಂಧಿತ ವಚನಗಳಿರುವ ಪ್ರತಿ ಇದ್ದರೆ ಈ ವಾರ ಅವನ್ನೂ ಹಿಂಬಾಲಿಸಿ. ಎಲ್ಲವನ್ನೂ ಅಲ್ಲ, ಹಳೆಯ ಒಡಂಬಡಿಕೆಗೆ ಕರೆದೊಯ್ಯುವುದನ್ನು ಮೊದಲು. 2:10-11ರಲ್ಲಿ ಎಲ್ಲರೂ ಯೇಸುವಿನ ಹೆಸರಿನಲ್ಲಿ ಅಡ್ಡಬೀಳುವರು ಎಂಬ ಮಾತು ಯೆಶಾಯ 45:23ರದು. ಆ ವಚನ ಮಾತ್ರ ಓದಿ ಬರಬೇಡಿ, 45ನೇ ಅಧ್ಯಾಯವನ್ನೇ ಓದಿ. ನನ್ನ ಹೊರತು ದೇವರಿಲ್ಲ ಎಂದು ಯೆಹೋವನು ಮತ್ತೆ ಮತ್ತೆ ಹೇಳುವ ಅಧ್ಯಾಯ ಅದು. ಅಲ್ಲಿ ಯೆಹೋವನು ತನ್ನ ಬಗ್ಗೆಯೇ ಆಣೆಯಿಟ್ಟು ಹೇಳಿದ್ದನ್ನು ಯೆಹೂದ್ಯನಾದ ಪೌಲ ಯೇಸುವಿಗೆ ಹೇಳುತ್ತಿದ್ದಾನೆ. ಇದರ ಭಾರ ಯೆಶಾಯವನ್ನು ತೆರೆಯದವರಿಗೆ ತಟ್ಟುವುದಿಲ್ಲ.

ನಾಲ್ಕನೇ ವಾರ: ಕ್ಯಾಲೆಂಡರ್ ವಚನವನ್ನು ಮನೆಗೆ ತಲುಪಿಸುವುದು

4:13. "ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ." ಹಾಲ್ ಟಿಕೆಟ್ಟಿನ ಹಿಂದೆ, ಆಟೋದ ಗಾಜಿನ ಮೇಲೆ, ಜಿಮ್‌ನ ಬನಿಯನ್ನಿನ ಮೇಲೆ ಇದನ್ನು ಕಾಣುತ್ತೇವೆ. ಇದನ್ನು ಪರೀಕ್ಷಿಸುವ ಕ್ರಮ ಸುಲಭ: ಮೇಲೆ ಐದು ವಚನ, ಕೆಳಗೆ ಐದು ವಚನ ಓದಿ, "ಎಲ್ಲಕ್ಕೂ" ಎಂದರೆ ಯಾವುದೆಲ್ಲ ಎಂದು ಪತ್ರವನ್ನೇ ಕೇಳಿ. 4:11-12 ಉತ್ತರ ಕೊಡುತ್ತದೆ: ಕೊರತೆ, ಸಮೃದ್ಧಿ, ಹೊಟ್ಟೆ ತುಂಬುವುದು, ಹಸಿದಿರುವುದು. ಪೌಲ ಕಲಿತದ್ದು ಇರುವ ಸ್ಥಿತಿಯಲ್ಲಿ ಸಂತುಷ್ಟನಾಗಿರುವುದನ್ನು. ಅಂದರೆ ಈ ವಚನ ಪರೀಕ್ಷೆಯಲ್ಲಿ ಪಾಸಾದವನಿಗೆ ಎಷ್ಟು ಸಲ್ಲುತ್ತದೋ ನಪಾಸಾದವನಿಗೂ ಅಷ್ಟೇ ಸಲ್ಲುತ್ತದೆ. ಬಹುಶಃ ಅವನಿಗೇ ಹೆಚ್ಚು.

4:19ಕ್ಕೂ ಇದೇ ಪರೀಕ್ಷೆ ಮಾಡಿ. ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಎಂಬ ಮಾತು, ಪೌಲನಿಗೆ ಕೊಟ್ಟು ಕೈ ಬರಿದುಮಾಡಿಕೊಂಡವರಿಗೆ ಬರೆದದ್ದು. ಫಿಲಿಪ್ಪಿಯೂ ಸೇರಿದ ಮಕೆದೋನ್ಯ ಸೀಮೆಯ ಸಭೆಗಳು ಎಷ್ಟು ಬಡತನದಲ್ಲಿ ಕೊಟ್ಟವು ಎಂಬುದು 2 ಕೊರಿಂಥ 8:1-2ರಲ್ಲಿದೆ. ಕೈಗೆ ರುಚಿ ಹತ್ತಿದರೆ ಯೆರೆಮೀಯ 29:11ಕ್ಕೂ ಹೋಗಿ ಬನ್ನಿ. ಹಿತದ ಯೋಚನೆಗಳ ಆ ವಾಗ್ದಾನಕ್ಕೆ ಮುಂಚಿನ ವಚನದಲ್ಲೇ ಬಾಬೆಲಿನಲ್ಲಿ 70 ವರ್ಷ ಎಂದಿದೆ. ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಅದು ನೆರವೇರುವುದನ್ನು ಕಣ್ಣಾರೆ ಕಾಣಲಿಲ್ಲ. ಅವರಿಗೆ ಸಿಕ್ಕ ಅಪ್ಪಣೆ ಮನೆ ಕಟ್ಟಿ, ತೋಟ ಮಾಡಿ, ಆ ಪರದೇಶದ ಪಟ್ಟಣದ ಕ್ಷೇಮ ಹಾರೈಸಿ ಎಂಬುದು.

ವ್ಯಾಖ್ಯಾನ ಪುಸ್ತಕ, ಪ್ರಸಂಗದ ವಿಡಿಯೊ ತೆರೆಯುವುದು ಈ ವಾರವೇ, ಇದಕ್ಕಿಂತ ಮೊದಲಲ್ಲ. ಮೊದಲೇ ತೆರೆದರೆ ಕಣ್ಣು ಅವರದ್ದಾಗುತ್ತದೆ. ಬೇರೆ ಬೇರೆ ಸಭೆಯ ಹಿನ್ನೆಲೆಯ ಎರಡನ್ನಾದರೂ ನೋಡಿ. ನಿಮ್ಮ ಟಿಪ್ಪಣಿಯೊಂದು ಯಾರಿಗೂ ಹೊಳೆದಿಲ್ಲ ಎಂದಾದರೆ ನೀವು ಪ್ರವಾದಿಯಾದಿರಿ ಎಂದಲ್ಲ, ಎಲ್ಲೋ ತಪ್ಪಿದ್ದೀರಿ ಎಂದೇ ಹೆಚ್ಚು ಸಂಭವ. ಸಭಾಪಾಲಕರನ್ನು ಕೇಳಿ.

ಐದನೇ ವಾರ: ಕೈಗೆ ಇಳಿಸುವುದು

ಅನ್ವಯ ಎಂಬ ಹೆಸರಿನಲ್ಲಿ "ನಾನು ಇನ್ನೂ ಹೆಚ್ಚು ದೀನನಾಗಬೇಕು" ಎಂದು ಬರೆದರೆ ಅದು ಎಲ್ಲಿಯೂ ತಲುಪುವುದಿಲ್ಲ. ಯಾರು, ಏನು, ಯಾವಾಗ ಎಂಬ ಮೂರೂ ಆ ಸಾಲಿನಲ್ಲಿರಬೇಕು. 4:3ರಲ್ಲಿ ಪೌಲ ಮೂರನೆಯವನೊಬ್ಬನನ್ನು ಕರೆದು, ಆ ಹೆಂಗಸರಿಗೆ ಸಹಾಯ ಮಾಡು ಎನ್ನುತ್ತಾನೆ. ಹಾಗಾದರೆ ಬರೆಯಬೇಕಾದದ್ದು: ನಮ್ಮ ಕಮಿಟಿಯಲ್ಲಿ, ಸ್ತ್ರೀಯರ ಕೂಟದಲ್ಲಿ, ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟಿರುವ ಇಬ್ಬರು ಯಾರು, ಶನಿವಾರದೊಳಗೆ ಅವರಲ್ಲಿ ಯಾರಿಗೆ ಫೋನು ಮಾಡುತ್ತೇನೆ. ವಾರಕ್ಕೆ ಇಂಥ ಒಂದೇ ಸಾಲು ಸಾಕು. ಐದು ಬರೆದರೆ ಒಂದೂ ಆಗುವುದಿಲ್ಲ.

ಗೃಹಕೂಟದಲ್ಲಿ ಮಾಡುವುದಾದರೆ ಐದಾರು ಮಂದಿ, ಒಂದೂಕಾಲು ಗಂಟೆ. ಅದು ಕೆಡುವುದು ಎರಡು ರೀತಿ. ಒಬ್ಬರು ಪ್ರಸಂಗ ಶುರುಮಾಡುತ್ತಾರೆ, ಇಲ್ಲವೇ ಎಲ್ಲರೂ ವಚನ ಬಿಟ್ಟು ತಮ್ಮ ತಮ್ಮ ಜೀವನದ ಸಾಕ್ಷಿ ಹೇಳತೊಡಗುತ್ತಾರೆ. ಎರಡಕ್ಕೂ ಒಂದೇ ಮದ್ದು: "ಅದು ಯಾವ ವಚನದಲ್ಲಿದೆ?" ಪ್ರಶ್ನೆ ಕೇಳಿ ಇಪ್ಪತ್ತು ಸೆಕೆಂಡು ಸುಮ್ಮನಿರಿ. ಮೌನ ತುಂಬಲು ನಡೆಸುವವರೇ ಉತ್ತರ ಹೇಳಿಬಿಟ್ಟರೆ ಮುಂದಿನ ವಾರದಿಂದ ಯಾರೂ ಬಾಯಿ ತೆರೆಯುವುದಿಲ್ಲ.

ಮುಂದಿನದಕ್ಕೆ ರೂತಳು ಅಥವಾ ಯೋನ ಆಗಬಹುದು, ಎರಡರಲ್ಲೂ ನಾಲ್ಕೇ ಅಧ್ಯಾಯ. ಆದರೆ ಅವು ಕಥೆಗಳು, ಅಲ್ಲಿ ಕೊಂಡಿ ಪದಗಳ ಬದಲು ಯಾರು ಮಾತಾಡುತ್ತಾರೆ, ಯಾರು ಮೌನವಾಗಿದ್ದಾರೆ ಎಂಬುದಕ್ಕೆ ಗೆರೆ ಎಳೆಯಿರಿ. ಜ್ಞಾನೋಕ್ತಿಗಳನ್ನು ವಾಗ್ದಾನಗಳಂತೆ ಓದಬೇಡಿ. 26:4 ಮತ್ತು 26:5 ಅಕ್ಕಪಕ್ಕದಲ್ಲೇ ಒಂದಕ್ಕೊಂದು ಎದುರು ಮಾತಾಡುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಪ್ರಕಟನೆಯನ್ನು ಯೆಹೆಜ್ಕೇಲ, ದಾನಿಯೇಲ ಮುಗಿಸುವವರೆಗೆ ಮುಟ್ಟದಿರುವುದು ಒಳ್ಳೆಯದು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಂದಿನ ತಾರೀಖು ಹಾಕಿ ಎತ್ತಿಡಿ. ಆರು ತಿಂಗಳ ನಂತರ ಪತ್ರವನ್ನು ಒಂದೇ ಕೂರಿಕೆಯಲ್ಲಿ ಮತ್ತೆ ಓದಿ, ಎಡಪುಟದ ಪ್ರತಿ ಟಿಪ್ಪಣಿಯ ಎದುರು, ಖಾಲಿ ಬಿಟ್ಟ ಬಲಪುಟದಲ್ಲಿ, ಈಗ ಏನನಿಸುತ್ತದೆ ಎಂದು ಬೇರೆ ಬಣ್ಣದಲ್ಲಿ ಬರೆಯಿರಿ.